ಕಿವಿ ಸೋರಿದ್ರೆ ಏನಂತೆ, ಸಾ?

ಕಿಕ್ಕೇರಿಯಂಥ ಹೋಬಳಿ ಊರಲ್ಲಿ ಕ್ಲಿನಿಕ್ ಇಟ್ಟವನ ಬಳಿಗೆ ಕಿವಿ ರೋಗದವರು ಕಿವಿಗೆಂದು ಬರುವುದು ಕಡಿಮೆ. ಜ್ವರಕ್ಕೆ ಬರುತ್ತಾರೆ, ಕೆಮ್ಮಿಗೆ ಬರುತ್ತಾರೆ, ಮಂಡಿನೋವಿಗೆ ಬರುತ್ತಾರೆ. ಎಲ್ಲ ಮುಗಿಸಿ ಹೊರಟಾಗ ಬಾಗಿಲ ಹತ್ತಿರ ನಿಂತು, "ಇವನಿಗೊಂದು ಕಿವಿ ಸೋರ್ತದೆ ಸಾ, ಅದಕ್ಕೂ ಒಂದು ಹನಿ ಬರ್ಕೊಡಿ" ಅನ್ನುತ್ತಾರೆ. ನಾನು ಕಿವಿ-ಗಂಟಲು ತಜ್ಞನಲ್ಲ. ಎಂಬಿಬಿಎಸ್ ಮುಗಿಸಿ ಕೆ.ಆರ್. ಪೇಟೆ–ಚನ್ನರಾಯಪಟ್ಟಣ ರಸ್ತೆ ಪಕ್ಕದಲ್ಲಿ ಬೋರ್ಡು ಹಾಕಿಕೊಂಡ ಸಾಮಾನ್ಯ ಡಾಕ್ಟರು. ಬಹಳ ಕಾಲ ಕೇಳಿದವರಿಗೆಲ್ಲ ಆ ಹನಿಯನ್ನು ಬರೆದುಕೊಡುತ್ತಲೇ ಇದ್ದೆ. ಕೆಳಗಿನದೆಲ್ಲ ಹಾಗೆ ಬರೆದುಕೊಟ್ಟ ಚೀಟಿಗಳಿಂದ ಕಲಿತದ್ದು. ಗುರುತು ಸಿಗಬಾರದೆಂದು ರೋಗಿಗಳ ವಿವರಗಳನ್ನು ಬದಲಿಸಿದ್ದೇನೆ; ನನ್ನ ಎಡವಟ್ಟುಗಳನ್ನು ಬದಲಿಸಿಲ್ಲ.

1. ನೋವಿಲ್ಲದ ಕಿವಿಯನ್ನೇ ಮೊದಲು ನೋಡಬೇಕು

ನಡುರಾತ್ರಿ ಕಿವಿ ಹಿಡಿದುಕೊಂಡು ಅರಚುವ ಮಗುವನ್ನು ಎತ್ತಿಕೊಂಡು ಬಂದರೆ ಎಂಥ ಡಾಕ್ಟರೂ ಎದ್ದು ನೋಡುತ್ತಾನೆ. ಬೆಳಗಿನ ಹೊತ್ತಿಗೆ ತಮಟೆ ಒಡೆದು ಕೀವು ಹೊರಗೆ ಬರುತ್ತದೆ, ನೋವು ನಿಲ್ಲುತ್ತದೆ, ಮಗು ನಿದ್ದೆ ಮಾಡುತ್ತದೆ. "ಕೆಟ್ಟದ್ದೆಲ್ಲ ಆಚೆ ಬಂತು" ಎಂದು ಮನೆಯವರು ಸಮಾಧಾನಪಡುತ್ತಾರೆ. ನಾನೂ ಹಾಗೇ ಅಂದುಕೊಂಡು ಕಳಿಸಿಬಿಡುತ್ತಿದ್ದೆ, ಮತ್ತೆ ಬನ್ನಿ ಎಂದು ಹೇಳುತ್ತಿರಲಿಲ್ಲ. ಹೆಚ್ಚಿನ ಮಕ್ಕಳ ತಮಟೆ ತಾನೇ ಕೂಡಿಕೊಳ್ಳುತ್ತದೆ, ನಿಜ. ಕೂಡದೆ ಉಳಿದ ತೂತಿನ ಕಥೆ ಬೇರೆ. ಪ್ರತಿ ಸೀತಕ್ಕೂ ಸೋರುತ್ತದೆ, ನಾಲೆಗೆ ಬಿದ್ದು ಈಜಿದರೆ ಸೋರುತ್ತದೆ, ತಲೆಗೆ ನೀರು ಹಾಕಿಕೊಂಡರೆ ಸೋರುತ್ತದೆ. ಆದರೆ ನೋಯುವುದಿಲ್ಲ. ನೋಯದಿದ್ದ ಮೇಲೆ ಅದು ರೋಗವಲ್ಲ, ಆ ಹುಡುಗನ ಸ್ವಭಾವ ಎಂಬಂತೆ ಮನೆಯವರು ಒಗ್ಗಿಕೊಂಡುಬಿಡುತ್ತಾರೆ. "ಹುಟ್ಟಿದಾಗ್ಲಿಂದ ಅಂಗೇ ಸಾ, ಸೋರಿದ್ರೆ ಏನಂತೆ?"

ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ಈ ರೋಗದ ಮೇಲೊಂದು ವರದಿ ತಂದಿತು. ಜಗತ್ತಿನಲ್ಲಿ ಆರೂವರೆ ಕೋಟಿಯಿಂದ 33 ಕೋಟಿ ಜನರ ಕಿವಿ ಸೋರುತ್ತಿದೆ, ಅವರಲ್ಲಿ ನೂರಕ್ಕೆ 60 ಮಂದಿಗೆ ಕೇಳುವುದು ಕುಂದಿದೆ ಎಂಬುದು ಅದರ ಅಂದಾಜು. ರೋಗ ಅತಿ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ನಮ್ಮದೂ ಇತ್ತು. ಆ ಸಂಸ್ಥೆಯ ಲೆಕ್ಕದಲ್ಲಿ ಎರಡು ವಾರ ಮೀರಿ ಸೋರಿದ ಕಿವಿ ದೀರ್ಘರೋಗದ ಕಿವಿ. ನಮ್ಮಲ್ಲಿ ಎರಡು ವಾರಕ್ಕೆ ಯಾರೂ ಬರುವುದಿಲ್ಲ. ಎರಡು ವರ್ಷಕ್ಕೆ ಬಂದರೆ ಬೇಗ ಬಂದರು ಅಂದುಕೊಳ್ಳುತ್ತೇನೆ.

2. ಒರೆಸದ ಕಿವಿಗೆ ಹನಿ ಬಿಟ್ಟರೆ ಕೀವಿಗೆ ಬಿಟ್ಟಂತೆ

ಎಷ್ಟು ಬಾಟಲಿ ಬರೆದುಕೊಟ್ಟರೂ ವಾಸಿಯಾಗದ ಒಂದು ಕಿವಿಯನ್ನು ಮೈಸೂರಿನ ಹಿರಿಯ ತಜ್ಞರೊಬ್ಬರ ಬಳಿ ಕಳಿಸಿದ್ದೆ. ಅವರು ಔಷಧಿ ಬದಲಿಸಲಿಲ್ಲ. ನಾನು ಬರೆದ ಸಿಪ್ರೋಫ್ಲಾಕ್ಸಸಿನ್ ಹನಿಯನ್ನೇ ಮುಂದುವರಿಸಿ, ಚೀಟಿಯ ಮೇಲೆ "ಮೊದಲು ಒರೆಸಿ" ಎಂದಷ್ಟೇ ಬರೆದು ಕಳಿಸಿದರು. ಕಿವಿ ಒಣಗಿತು. ನನಗೆ ಮುಖಭಂಗವಾಯಿತು.

ಒರೆಸುವುದು ಹೀಗೆ: ಒಗೆದು ಒಣಗಿಸಿದ ಮೆತ್ತನೆ ಬಟ್ಟೆಯ ಚೂರನ್ನು ಸಣ್ಣ ಬತ್ತಿಯಾಗಿ ಹೊಸೆದು ಕಿವಿಯೊಳಗಿಟ್ಟು, ನೆನೆಯುವವರೆಗೆ ಬಿಟ್ಟು, ತೆಗೆದು ಎಸೆಯುವುದು. ಬತ್ತಿ ಒಣಗಿ ಬರುವವರೆಗೆ ಹೊಸದು ಹೊಸದು ಇಡುತ್ತಿರಬೇಕು. ನಮ್ಮ ಹೆಂಗಸರಿಗೆ ಬತ್ತಿ ಹೊಸೆಯುವುದನ್ನು ನಾನೇನೂ ಕಲಿಸಬೇಕಾಗಲಿಲ್ಲ. ಆಮೇಲೆ ಮಗುವನ್ನು ಮಗ್ಗುಲಾಗಿ ಮಲಗಿಸಿ ಹನಿ ಬಿಟ್ಟು, ಕಿವಿಯ ಬಾಗಿಲಲ್ಲಿರುವ ಸಣ್ಣ ಮೃದ್ವಸ್ಥಿಯನ್ನು ಬೆರಳಿಂದ ನಾಲ್ಕೈದು ಸಲ ಒತ್ತಬೇಕು; ಔಷಧಿ ಒಳಗಿಳಿಯುವುದು ಆ ಒತ್ತಿಗೆ. ಬಾಟಲಿಯನ್ನು ಮೊದಲು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ಬೆಚ್ಚಗೆ ಮಾಡಿಕೊಳ್ಳದಿದ್ದರೆ ತಣ್ಣನೆ ಹನಿಗೇ ತಲೆ ಸುತ್ತುತ್ತದೆ. ಇದನ್ನು ಹೇಳಿಕೊಡದೆ ಕಳಿಸಿದ್ದ ಒಬ್ಬ ಗೃಹಸ್ಥರು ಹಜಾರದಲ್ಲೇ ಬಿದ್ದು, "ಡಾಕ್ಟ್ರು ಔಷ್ದಿ ತಲೆಗೇ ಏರ್ತು" ಎಂದು ಊರೆಲ್ಲ ಹೇಳಿದರು.

ಇನ್ನೊಂದು ಸಂಗತಿಯನ್ನು ಬರೆಯಲು ಕೈ ಹಿಂಜರಿಯುತ್ತದೆ. ಶುರುವಿನ ವರ್ಷಗಳಲ್ಲಿ ಅಗ್ಗವೆಂದು ಜೆಂಟಾಮೈಸಿನ್ ಹನಿ ಬರೆಯುತ್ತಿದ್ದೆ. ತಮಟೆ ತೂತಾದ ಕಿವಿಯಲ್ಲಿ ಅದು ತಿಂಗಳುಗಟ್ಟಲೆ ಒಳಗಿಳಿದರೆ ಕೇಳುವ ನರಕ್ಕೂ ಸಮತೋಲದ ಅಂಗಕ್ಕೂ ಪೆಟ್ಟು ಕೊಡಬಹುದು. ಆಗ ಯಾರ ಕಿವಿಯನ್ನೂ ಅಳೆಸಿರಲಿಲ್ಲವಾದ್ದರಿಂದ ನನ್ನ ಹನಿಯಿಂದ ಎಷ್ಟು ಜನರ ಕಿವಿ ಹೋಯಿತೆಂಬ ಲೆಕ್ಕ ನನ್ನಲ್ಲಿಲ್ಲ. ಸಿಪ್ರೋಫ್ಲಾಕ್ಸಸಿನ್‌ಗೆ ಆ ಭಯವಿಲ್ಲ, ಆದರೂ ಅದನ್ನು ತಿಂಗಳಾನುಗಟ್ಟಲೆ ಹಾಕಿದರೆ ಕಿವಿಯೊಳಗೆ ಬೂಷ್ಟು ಬೆಳೆಯುತ್ತದೆ. ಕೀವು ನಿಂತು ಕೆರೆತ ಶುರುವಾಯಿತೆಂದರೆ ಅದೇ.

3. ಮೂಸಿ ನೋಡಲು ನಾಚಿಕೊಳ್ಳಬಾರದು

ಸೋರುವ ಕಿವಿಯಲ್ಲಿ ಎರಡು ಜಾತಿ. ಧಾರಾಳವಾಗಿ, ಲೋಳೆಲೋಳೆಯಾಗಿ, ವಾಸನೆಯಿಲ್ಲದೆ ಸೋರುವುದು ಬಹುಮಟ್ಟಿಗೆ ಬಡಪಾಯಿ ಕಿವಿ. ತಮಟೆಯ ನಡುವೆ ತೂತು, ಅಷ್ಟೆ. ಸ್ವಲ್ಪವೇ ಸೋರಿ ಕೊಳೆತ ನಾತ ಹೊಡೆಯುವ ಕಿವಿಗೆ ಹೆದರಬೇಕು. ಅಲ್ಲಿ ತಮಟೆಯ ಮೇಲಂಚಿನಲ್ಲಿ ಚರ್ಮ ಒಳಕ್ಕೆ ಚೀಲದಂತೆ ಸೇದಿಕೊಂಡಿರುತ್ತದೆ. ಉದುರಬೇಕಾದ ಹೊಟ್ಟು ಉದುರಲು ಜಾಗವಿಲ್ಲದೆ ಈರುಳ್ಳಿ ಸಿಪ್ಪೆಯ ಹಾಗೆ ಪದರದ ಮೇಲೆ ಪದರ ಕೂರುತ್ತದೆ. ಕೊಲೆಸ್ಟಿಯಟೋಮ ಎನ್ನುತ್ತಾರೆ. ಕ್ಯಾನ್ಸರ್ ಅಲ್ಲ, ಆದರೆ ಸುತ್ತಲ ಮೂಳೆಯನ್ನು ಸವೆಸುತ್ತ ಹೋಗುತ್ತದೆ. ಹನಿಗೂ ಗುಳಿಗೆಗೂ ಅದು ಬಗ್ಗುವುದಿಲ್ಲ, ಆಪರೇಷನ್ನೇ ಆಗಬೇಕು.

ಇದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆ ಪಾಸಾದವನೇ ನಾನು. ಆದರೂ ಎದುರಿಗೆ ಕೂತ ಹೆಣ್ಣುಮಗಳ ಕಿವಿಯ ಹತ್ತಿರ ಮೂಗು ತರುವುದು ಅಸಭ್ಯವೆನಿಸಿ ದೂರದಿಂದಲೇ ಟಾರ್ಚ್ ಬಿಡುತ್ತಿದ್ದೆ. ಮದುವೆಗೆ ನಿಂತ ಹುಡುಗಿಯರು ಕಿವಿಗೆ ಹತ್ತಿ ತುರುಕಿ, ಅದರ ಮೇಲೆ ಕೂದಲಿಳಿಸಿ, ಜೊತೆಗೊಂದು ಮೊಳ ಮಲ್ಲಿಗೆ ಮುಡಿದು ಬರುತ್ತಾರೆ. ಹಾಗೆ ಬಂದ ಒಬ್ಬಳನ್ನು ನಾನು ಬರೀ ತಲೆನೋವಿನ ಗುಳಿಗೆ ಕೊಟ್ಟು ಕಳಿಸಿದ್ದೆ. ಮುಂದೆ ಅವಳ ಕಿವಿಯ ಮೂರು ಪುಟ್ಟ ಮೂಳೆಗಳಲ್ಲಿ ಎರಡು ಉಳಿದಿರಲಿಲ್ಲ. ಇದು 'ಮೈಸೂರು ಮಲ್ಲಿಗೆ'ಯ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಊರು. ಇಲ್ಲಿ ಕೂತು ಮುಡಿ ತುಂಬ ಮಲ್ಲಿಗೆ ಕಂಡೊಡನೆ ಕಿವಿ ಸೋರುತ್ತಿದೆಯೋ ಏನೋ ಎಂದು ಯೋಚಿಸುವವನಾಗಿದ್ದೇನೆ. ಕಸುಬು ಮನುಷ್ಯನನ್ನು ಎಷ್ಟು ಅರಸಿಕನನ್ನಾಗಿ ಮಾಡುತ್ತದೆ ನೋಡಿ.

4. ಬಾಯಿ ಸೊಟ್ಟಗಾದವನ ಕಿವಿ ನೋಡಬೇಕು

ಆಲೆಮನೆಯಲ್ಲಿ ರಾತ್ರಿಪಾಳಿ ಮಾಡುತ್ತಿದ್ದ ಆಳೊಬ್ಬ ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿದಾಗ ನೀರು ಒಂದು ಪಕ್ಕ ಸುರಿಯಿತಂತೆ. ಕೊಪ್ಪರಿಗೆಯ ಬಿಸಿಯಿಂದೆದ್ದು ಆಚೆ ಬಂದದ್ದಕ್ಕೆ ಗಾಳಿ ಹೊಡೆಯಿತು ಎಂದು ಜೊತೆಯವರು ತೀರ್ಮಾನಿಸಿದ್ದರು. ನಾನು ಅದೇ ತೀರ್ಮಾನಕ್ಕೆ ಇಂಗ್ಲಿಷ್ ಹೆಸರು ಕೊಟ್ಟೆ, ಬೆಲ್ಸ್ ಪಾಲ್ಸಿ. ಸ್ಟೀರಾಯ್ಡ್ ಗುಳಿಗೆ ಬರೆದೆ, ಕೆನ್ನೆ ನೀವಿಕೊಳ್ಳಲು ಹೇಳಿದೆ. ಬಾಯಿಗೆ ಬಂದವನ ಬಾಯಿ ನೋಡಿದೆ, ಕಿವಿ ನೋಡಲಿಲ್ಲ. ಮುಖದ ನರ ಕಿವಿಯೊಳಗಿಂದಲೇ, ತೆಳ್ಳನೆಯ ಮೂಳೆಯ ಕೊಳವೆಯಲ್ಲಿ ಹಾದುಬರುವುದು ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ.

ಮತ್ತೆ ಬಂದಾಗ ಗೋಡೆ ಹಿಡಿದು ನಡೆಯುತ್ತಿದ್ದ. ಆಗ ಕಿವಿ ನೋಡಿದೆ. ಮೇಲಂಚಿನಲ್ಲಿ ಬಿಳಿ ಹೊಟ್ಟು, ಅದೇ ನಾತ. ಕಿವಿಯ ಬಾಗಿಲನ್ನು ಬೆರಳಿಂದ ಒತ್ತಿದ್ದೇ ತಡ, ಕಣ್ಣುಗುಡ್ಡೆ ಅತ್ತಿತ್ತ ಓಡಿ ಕುರ್ಚಿಯಿಂದ ಜಾರಿದ. ರೋಗ ನರದ ಕೊಳವೆಯನ್ನು ತಿಂದು, ಸಮತೋಲದ ಅರ್ಧವೃತ್ತ ನಾಳದ ಮೂಳೆಗೂ ಬಾಯಿ ಹಾಕಿತ್ತು. ಆಪರೇಷನ್ ಆಯಿತು, ತಲೆಸುತ್ತು ಹೋಯಿತು. ಮುಖ ಮುಕ್ಕಾಲು ಮರಳಿತು. ಆ ಪಕ್ಕದ ಕಣ್ಣು ಇಂದಿಗೂ ಪೂರ್ತಿ ಮುಚ್ಚುವುದಿಲ್ಲ. ನಾನು ಅವನನ್ನು ಗುಳಿಗೆ ಕೊಟ್ಟು ಕಾಯಿಸಿದ ದಿನಗಳಲ್ಲಿ ಹೋದದ್ದು ಆ ಕಾಲು ಭಾಗ.

5. ಸೋರುವುದು ತಟ್ಟನೆ ನಿಂತರೆ ತಲೆನೋವಿದೆಯೇ ಎಂದು ಕೇಳಬೇಕು

ವರ್ಷಗಳಿಂದ ಸೋರುತ್ತಿದ್ದ ಹೈಸ್ಕೂಲು ಹುಡುಗನೊಬ್ಬನ ಕಿವಿ ಒಂದು ವಾರದಿಂದ ಒಣಗಿದೆ ಎಂದು ತಾಯಿ ಖುಷಿಯಾಗಿ ಹೇಳಿದರು. ಅವರು ಬಂದದ್ದು ಜ್ವರಕ್ಕೆ. ವಾಂತಿಯೂ ಇತ್ತು. ಊರಲ್ಲಿ ಟೈಫಾಯ್ಡ್ ಓಡಾಡುತ್ತಿದ್ದ ಕಾಲ, ಹಾಗಾಗಿ ಅದಕ್ಕೇ ಔಷಧಿ ಕೊಟ್ಟೆ. ಕಿವಿ ಒಣಗಿದ್ದಕ್ಕೆ ನನ್ನ ಹನಿಯೇ ಕಾರಣವೆಂದು ಒಳಗೊಳಗೆ ಬೀಗಿದ್ದೂ ಉಂಟು. ಮೂರನೆಯ ದಿನ ಹುಡುಗ ಮಂಪರಿನಲ್ಲಿದ್ದ. ಕರೆದರೆ ಕಣ್ಣು ಬಿಡುತ್ತಿದ್ದ, ಮತ್ತೆ ಮುಚ್ಚುತ್ತಿದ್ದ. ಮೈಸೂರಿನಲ್ಲಿ ಸ್ಕ್ಯಾನ್ ಮಾಡಿದಾಗ ಕಿವಿಯ ಮೇಲುಗಡೆ ಮಿದುಳಿನಲ್ಲಿ ಕೀವಿನ ಗಡ್ಡೆ. ಹೊರಗೆ ಬರುವ ದಾರಿ ಕಟ್ಟಿಕೊಂಡದ್ದು ಒಳಕ್ಕೆ ತಿರುಗಿತ್ತು. ಕಿವಿಗೂ ಮಿದುಳಿಗೂ ನಡುವೆ ಇರುವುದು ತೆಳುವಾದ ಒಂದು ಮೂಳೆಯ ಹಲಗೆ ಮಾತ್ರ; ಕಿವಿಯಿಂದ ಏರಿದ ಕೀವು ಸಾಮಾನ್ಯವಾಗಿ ಅದರ ಮೇಲಿನ ಟೆಂಪೊರಲ್ ಭಾಗದಲ್ಲೋ ಹಿಂದಿನ ಚಿಕ್ಕಮಿದುಳಿನಲ್ಲೋ ಗಡ್ಡೆ ಕಟ್ಟುತ್ತದೆ. ಹುಡುಗ ಬದುಕಿದ. ಅದರಲ್ಲಿ ನನ್ನ ಪಾಲು ಆಂಬುಲೆನ್ಸ್ ಕರೆದದ್ದು, ಅದೂ ತಡವಾಗಿ.

ಇದು ಬಡವರ, ಹಳ್ಳಿಯವರ ರೋಗ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆಸ್ಕರ್ ವೈಲ್ಡ್ 1900ರ ನವೆಂಬರ್ 30ರಂದು ಪ್ಯಾರಿಸ್ಸಿನ ಹೋಟೆಲೊಂದರಲ್ಲಿ ತೀರಿಕೊಂಡದ್ದು ಹಳೆಯ ಕಿವಿ ಸೋಂಕು ಮಿದುಳಿನ ಪೊರೆಗೆ ಏರಿದ್ದರಿಂದ ಎಂದು ಅವರ ಕಾಯಿಲೆಯನ್ನು ಕೆದಕಿ ನೋಡಿದ ಹಲವು ವೈದ್ಯರು ಹೇಳುತ್ತಾರೆ. ತಂದೆ ಸರ್ ವಿಲಿಯಂ ವೈಲ್ಡ್ ಯಾರು ಗೊತ್ತೇ? ಡಬ್ಲಿನ್ನಿನ ಹೆಸರಾಂತ ಕಿವಿ ವೈದ್ಯರು, 1853ರಲ್ಲೇ ಕಿವಿ ಶಸ್ತ್ರಚಿಕಿತ್ಸೆಯ ಮೇಲೆ ಗ್ರಂಥ ಬರೆದವರು. ಕಿವಿ ಹಿಂದೆ ಬಾವು ಕಟ್ಟಿದಾಗ ಕೊಯ್ದು ಕೀವು ಬಿಡುವ ಗಾಯಕ್ಕೆ ಬಹುಕಾಲ ಅವರದೇ ಹೆಸರಿತ್ತು. ಮಗನ ಕೊನೆಗಾಲಕ್ಕೆ ಅವರು ಇರಲಿಲ್ಲ, ಪೆನಿಸಿಲಿನ್ ಇನ್ನೂ ಬಂದಿರಲಿಲ್ಲ. ನನ್ನ ಬಳಿ ಪೆನಿಸಿಲಿನ್ನೂ ಇತ್ತು, ಸ್ಕ್ಯಾನಿಗೆ ಬರೆಯುವ ಪೆನ್ನೂ ಇತ್ತು.

6. ಟ್ಯೂನಿಂಗ್ ಫೋರ್ಕ್ ಡ್ರಾಯರಿನಲ್ಲಿ ಮಲಗಬಾರದು

ಕಾಲೇಜಿನಲ್ಲಿ ಕೊಂಡ 512 ಹರ್ಟ್ಸ್‌ನ ಕವೆಯನ್ನು ನಾನು ವರ್ಷಾನುಗಟ್ಟಲೆ ಕಾಗದ ಹಾರದಂತೆ ಇಡಲು ಬಳಸಿದೆ. ಈಗ ಸೋರುವ ಕಿವಿಯ ಪ್ರತಿಯೊಬ್ಬರಿಗೂ ಅದನ್ನು ಮೊಣಕೈಗೆ ತಟ್ಟಿ ಹಣೆಯ ನಡುವೆ ಇಡುತ್ತೇನೆ. ತಮಟೆ ತೂತಾಗಿ, ನರ ಚೆನ್ನಾಗಿದ್ದರೆ ಸದ್ದು ಕೆಟ್ಟ ಕಿವಿಯ ಕಡೆಗೇ ಜೋರಾಗಿ ಕೇಳುತ್ತದೆ. "ಇದೇನ್ ಸಾ, ಕೆಟ್ಟ ಕಿವೀಲೇ ಗುಂಯ್ ಅಂತದೆ!" ಎಂದು ಅಚ್ಚರಿಪಟ್ಟರೆ ನನಗೆ ನೆಮ್ಮದಿ. ಒಳ್ಳೆಯ ಕಿವಿಯ ಕಡೆಗೆ ಹೋಯಿತು ಅಂದರೆ ರೋಗ ಒಳಕಿವಿಗೆ, ನರಕ್ಕೆ ಇಳಿದಿರಬಹುದು. ಅವತ್ತೇ ಚೀಟಿ ಬರೆಯುತ್ತೇನೆ.

ಕವೆ ಹಿಡಿಯುವ ಅಭ್ಯಾಸದಿಂದ ಆದ ಇನ್ನೊಂದು ಲಾಭ ಕೊನೆ ಬೆಂಚಿನ ಮಕ್ಕಳದು. ಬಾಯಿ ತೆರೆದುಕೊಂಡು ಉಸಿರಾಡುವ, ರಾತ್ರಿ ಗೊರಕೆ ಹೊಡೆಯುವ, ಕರೆದರೆ ತಿರುಗದ ಮಗುವನ್ನು ಮೇಷ್ಟ್ರು ದಡ್ಡ ಅಂದಿರುತ್ತಾರೆ. ಮೂಗಿನ ಹಿಂದಿನ ಅಡಿನಾಯ್ಡ್ ಬೆಳೆದು ಕಿವಿ-ಗಂಟಲಿನ ನಡುವಣ ಕೊಳವೆ ಕಟ್ಟಿ, ತಮಟೆಯ ಹಿಂದೆ ಅಂಟು ನೀರು ನಿಂತಿರುತ್ತದೆ. ಸೋರುವುದೂ ಇಲ್ಲ, ನೋಯುವುದೂ ಇಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಬರುತ್ತಾರೆ. ಅದರ ಪಕ್ಕದ ಜಿಲ್ಲೆಯಲ್ಲಿದ್ದೂ ನಾನು ಒಂದು ಮಗುವನ್ನೂ ಕಳಿಸದೆ ಕಳೆದ ವರ್ಷಗಳಿವೆ.

7. ಎಣ್ಣೆಯ ವಿಷಯದಲ್ಲಿ ಅಜ್ಜಿಯರ ಹತ್ತಿರ ಜಗಳ ಬೇಡ

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಎದೆಹಾಲು, ಕೋಳಿಪುಕ್ಕ, ಹೇರ್‌ಪಿನ್ನು. ಇವುಗಳ ಮೇಲೆ ಭಾಷಣ ಮಾಡಿ ಒಬ್ಬ ಅಜ್ಜಿಗೆ ಗದರಿದೆ. ಅಜ್ಜಿ ಎದ್ದುಹೋದರು, ಮೊಮ್ಮಗನೂ ಹೋದ, ಅವನ ಕಿವಿಯೂ ಹೋಯಿತು. ಈಗ, "ಎಣ್ಣೆ ತಲೆಗೆ ತಟ್ಟವ್ವ, ಕಿವಿಗೆ ಹತ್ತಿಗೆ ವ್ಯಾಸಲೀನ್ ಹಚ್ಚಿ ಇಟ್ಟು ಸ್ನಾನ ಮಾಡಿಸು" ಎಂದು ರಾಜಿ ಮಾಡಿಕೊಂಡಿದ್ದೇನೆ.

8. ಗಂಟಲಿನ ಲೆಕ್ಕ ಗಂಟಲಲ್ಲೇ ತೀರುವುದಿಲ್ಲ

ಗಂಟಲು ನೋವು ಹೆಚ್ಚಿನ ಸಲ ವೈರಸ್ಸಿನದು. ಕೆಮ್ಮು, ಸೋರುವ ಮೂಗು, ಒಡೆದ ದನಿ ಇದ್ದರೆ ಉಪ್ಪುನೀರು ಮುಕ್ಕಳಿಸಿದರೆ ಸಾಕು. ಐದರಿಂದ ಹದಿನೈದರ ವಯಸ್ಸಿನ ಮಗುವಿಗೆ ಕೆಮ್ಮಿಲ್ಲದೆ ಜೋರು ಜ್ವರ, ಟಾನ್ಸಿಲ್ ಮೇಲೆ ಬಿಳಿ ಕೀವು, ಕತ್ತಿನಲ್ಲಿ ಮುಟ್ಟಿದರೆ ನೋಯುವ ಗಂಟು ಇದ್ದರೆ ಸ್ಟ್ರೆಪ್ಟೊಕಾಕಸ್ ಎಂದು ಅನುಮಾನಪಡಬೇಕು. ನಾನು ಮಾಡುತ್ತಿದ್ದದ್ದು ತಲೆಕೆಳಗು. ನೆಗಡಿಯವರಿಗೆ ಕೇಳಿದರೆಂದು ಆಂಟಿಬಯಾಟಿಕ್, ನಿಜವಾದ ಸ್ಟ್ರೆಪ್ ಗಂಟಲಿಗೆ ಮೂರು ದಿನದ ಗುಳಿಗೆ. ಪೆನಿಸಿಲಿನ್ ಗುಳಿಗೆಯಾದರೆ ಹತ್ತು ದಿನ ನುಂಗಬೇಕು. ಎರಡನೆಯ ದಿನಕ್ಕೇ ನೋವು ಹೋಗುವುದರಿಂದ ಯಾರೂ ನುಂಗುವುದಿಲ್ಲ, ನಾನೂ ಒತ್ತಾಯಿಸುತ್ತಿರಲಿಲ್ಲ. ಹಾಗೆ ಬಿಟ್ಟ ಸ್ಟ್ರೆಪ್ ಗಂಟಲು ಕೆಲವರಲ್ಲಿ ರುಮ್ಯಾಟಿಕ್ ಜ್ವರವಾಗಿ ಕೀಲಿಗೂ ಹೃದಯಕ್ಕೂ ತಗಲುತ್ತದೆ. ಗಂಟಲು ಕೆಟ್ಟ ಒಂಬತ್ತು ದಿನದೊಳಗೆ ಗುಳಿಗೆ ಶುರುಮಾಡಿದರೂ ಹೃದಯ ಉಳಿಯುತ್ತದೆ. ಅಷ್ಟು ಉದಾರವಾದ ವಾಯಿದೆಯನ್ನೂ ನಾವು ಮೀರಿಸುತ್ತೇವೆ.

ಹಾಗೆ ಮೀರಿದ ಒಬ್ಬಳು ಹುಡುಗಿ. ಗಂಟಲು ವಾಸಿಯಾಗಿ ಎರಡು ಮೂರು ವಾರಕ್ಕೆ ಮಂಡಿ ಊದಿಕೊಂಡಿತು. ಮಂಡಿ ಇಳಿದ ಮೇಲೆ ಕಾಲಿನ ಹರಡು, ಆಮೇಲೆ ಮಣಿಕಟ್ಟು. ನೋವಿನ ಗುಳಿಗೆ ಕೊಟ್ಟೆ, ಪವಾಡದಂತೆ ಇಳಿಯಿತು. ಆ ಪವಾಡವೇ ಈ ರೋಗದ ಗುರುತು ಎಂದು ಗುರುಗಳು ಪಾಠ ಹೇಳಿದ್ದರು. ಸ್ಟೆತಾಸ್ಕೋಪನ್ನು ಎದೆಗಿಟ್ಟೆನೋ ಇಲ್ಲವೋ, ಈಗ ನೆನಪಿಲ್ಲ. ಮದುವೆಯಾಗಿ, ಬಸುರಿಯಾಗಿ ಬಂದಾಗ ಅವಳಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು, ರಾತ್ರಿಯೆಲ್ಲ ದಿಂಬಿಗೊರಗಿ ಕೂರುತ್ತಿದ್ದಳು. ಮೈಟ್ರಲ್ ಕವಾಟ ಕಿರಿದಾಗಿತ್ತು. ಬಸಿರಿನಲ್ಲಿ ರಕ್ತದ ಪ್ರಮಾಣ ಹೆಚ್ಚುವುದರಿಂದ ಅಷ್ಟು ವರ್ಷ ಅಡಗಿದ್ದ ರೋಗ ಆಗ ಹೊರಬೀಳುತ್ತದೆ. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ತೊಡೆಯ ನಾಳದಿಂದ ಬಲೂನು ಹಾಯಿಸಿ ಕವಾಟ ಬಿಡಿಸಿದರು. ಜಪಾನಿನ ಕಾಂಜಿ ಇನೋವೆ 1982ರಲ್ಲಿ ಮೊದಲು ಮಾಡಿದ ವಿಧಾನ ಅದು. ಹೆರಿಗೆ ಸುಸೂತ್ರವಾಯಿತು.

ಈಗ ಅವಳು 21 ದಿನಕ್ಕೊಮ್ಮೆ ಬೆಂಜತೀನ್ ಪೆನಿಸಿಲಿನ್ ಚುಚ್ಚಿಸಿಕೊಳ್ಳಬೇಕು. ಹೃದಯಕ್ಕೆ ತಗುಲಿದವರಿಗೆ ಇದು ಕಡಿಮೆಯೆಂದರೆ ಹತ್ತು ವರ್ಷ, ಕವಾಟ ಕೆಟ್ಟವರಿಗೆ ಇನ್ನೂ ಹೆಚ್ಚು ಕಾಲ. ಆ ಸೂಜಿ ಕೊಡಲು ಅಲರ್ಜಿಯ ಹೆದರಿಕೆಯಿಂದ ನಮ್ಮ ಕಡೆಯ ಅನೇಕ ಕ್ಲಿನಿಕ್ಕುಗಳು ಹಿಂದೆಗೆಯುತ್ತವೆ. ನನ್ನದೂ ಹಿಂದೆಗೆದಿತ್ತು. ಈಗ ಪರೀಕ್ಷಾ ಡೋಸ್ ಕೊಟ್ಟು, ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು, ಮುಗಿದ ಮೇಲೆ ಅರ್ಧ ಗಂಟೆ ಕೂರಿಸಿ ಕಳಿಸುತ್ತೇನೆ. ಅವರಿಗಿಂತ ಆ ಅರ್ಧ ಗಂಟೆ ನನಗೇ ಉದ್ದ.

ಗಂಟಲು ವಾಸಿಯಾದ ಮೇಲೆ ಮುಖ ಊದಿ, ಮೂತ್ರ ಟೀ ಬಣ್ಣಕ್ಕೆ ತಿರುಗಿದರೆ ಅದೂ ಇದೇ ಕ್ರಿಮಿಯ ಬಾಕಿ, ಮೂತ್ರಪಿಂಡದ ಖಾತೆಯದು. ಹೆಚ್ಚಿನ ಮಕ್ಕಳು ಸುಧಾರಿಸಿಕೊಳ್ಳುತ್ತಾರೆ, ಆದರೆ ಬಿಪಿ ನೋಡುತ್ತಿರಬೇಕು.

9. ಟಾನ್ಸಿಲ್ ಕಂಡಾಕ್ಷಣ ಕತ್ತರಿ ನೆನಪಾಗಬಾರದು

ಒಂದು ವರ್ಷದಲ್ಲಿ ಏಳು ಸಲ, ಅಥವಾ ಎರಡು ವರ್ಷ ವರ್ಷಕ್ಕೈದು ಸಲ, ಅಥವಾ ಮೂರು ವರ್ಷ ವರ್ಷಕ್ಕೆ ಮೂರು ಸಲ ಜೋರಾಗಿ ಕೆಟ್ಟರೆ ತೆಗೆಸುವ ಯೋಚನೆ ಮಾಡಬಹುದು ಎಂಬುದು ಎಲ್ಲೆಡೆ ಬಳಕೆಯಲ್ಲಿರುವ ಅಳತೆ. ಅಳತೆಗೆ ದಿನಾಂಕ ಬೇಕು. ನನ್ನ ಚೀಟಿಗಳಲ್ಲಿ ದಿನಾಂಕವೇ ಇರುತ್ತಿರಲಿಲ್ಲ.

10. ಆಪರೇಷನ್ ಯಾತಕ್ಕೆಂದು ಕಳಿಸುವ ಮೊದಲೇ ಹೇಳಬೇಕು

ಬರೀ ತೂತಿನ ಕಿವಿಗಾದರೆ ತಲೆಯ ಮಾಂಸಖಂಡದ ಮೇಲಿನ ಪೊರೆ ತೆಗೆದು ತಮಟೆಗೆ ತೇಪೆ ಹಾಕುತ್ತಾರೆ, ಬಹಳಷ್ಟು ಜನರಿಗೆ ಕೇಳುವುದೂ ಸುಧಾರಿಸುತ್ತದೆ. ಮೂಳೆ ತಿಂದ ಕಿವಿಗೆ ಮಾಡುವುದು ಬೇರೆ: ಕಿವಿ ಹಿಂದಿನ ಮೂಳೆ ಕೊರೆದು ರೋಗ ಕೆರೆದು ತೆಗೆಯುವುದು. ಅಲ್ಲಿ ಜೀವ ಮೊದಲು, ಕಿವಿ ಒಣಗುವುದು ಆಮೇಲೆ, ಕೇಳುವುದು ಕೊನೆಗೆ. ಇದನ್ನು ಹೇಳದೆ ರೈತರೊಬ್ಬರನ್ನು ಕಳಿಸಿದ್ದೆ. ಅವರನ್ನು ಒಪ್ಪಿಸಿದ್ದೇ ದೊಡ್ಡ ಸಾಹಸ. ಮಂಡ್ಯವೋ, ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆಯೋ, ಮೈಸೂರೋ ಎಂದು ಒಂದು ವರ್ಷ ಚರ್ಚೆ, "ಕಬ್ಬಿನ ಬಿಲ್ ಬರ್ಲಿ ಸಾ" ಎಂದು ಇನ್ನೊಂದು ವರ್ಷ. ಕೊನೆಗೆ ಆಪರೇಷನ್ ಆಗಿ, ಪಟ್ಟಿ ಬಿಚ್ಚಿಸಿಕೊಂಡು ನೇರ ನನ್ನ ಕ್ಲಿನಿಕ್ಕಿಗೇ ಬಂದರು. "ಮೊದ್ಲು ಕೇಳ್ತಿದ್ದಷ್ಟೂ ಈಗ ಕೇಳಲ್ಲ. ಏನ್ ಮಾಡ್ಸಿದ್ರಿ ನೀವು?" ಎಂದು ಬೆಂಚಿನಲ್ಲಿದ್ದವರಿಗೆಲ್ಲ ಕೇಳುವಂತೆ ಕೂಗಾಡಿದರು. ಅವತ್ತು ಬಂದಿದ್ದವರಲ್ಲಿ ಇಬ್ಬರು ಕಿವಿ ರೋಗಿಗಳು ಮೆಲ್ಲಗೆ ಎದ್ದುಹೋದರು.

ಕೊರೆದ ಕಿವಿಯ ಪೊಳ್ಳಿನಲ್ಲಿ ಗುಗ್ಗೆಯೂ ಹೊಟ್ಟೂ ಕೂರುವುದರಿಂದ ಜೀವಮಾನವಿಡೀ ಆಗಾಗ ತೆಗೆಸುತ್ತಿರಬೇಕು. ಅದನ್ನೂ ನಾನು ಹೇಳಿರಲಿಲ್ಲ. ಈಗ ಅದಕ್ಕೆಂದು ಬಂದು ಕೂರುತ್ತಾರೆ, ಬಂದಾಗಲೆಲ್ಲ ಹಳೆಯ ಜಗಳ ಒಂದು ಸುತ್ತು ನಡೆಯುತ್ತದೆ. ಕಳೆದ ಸಲ ಅವರ ಹೆಂಡತಿಯೂ ಜೊತೆಗಿದ್ದರು. "ಇವ್ರ್ ಮಾತು ಬುಡಿ ಸಾ. ದಿನಾ ದಿಂಬಿನ ಗೌಸು ಒಗಿಯೋದು ತಪ್ತು ನಂಗೆ" ಅಂದರು. ಯಜಮಾನರು, "ಏನಂದ್ಲು?" ಎಂದು ನನ್ನನ್ನು ಕೇಳಿದರು.